ಮದುವೆಗೆ ಎತ್ತಿಟ್ಟ ಕಲ್ಲು

ನಮ್ಮ ಮನೆಯ ಬೀಸುವ ಕಲ್ಲಿನ ಮೇಲಿನ ಕಲ್ಲು ಈಗ ಕೆರೆಯಲ್ಲಿದೆ. ಕೆಳಗಿನದು ಅಡುಗೆಮನೆಯ ಮೂಲೆಯಲ್ಲಿ ಹಾಗೇ ಕೂತಿದೆ. ಹೊಸದಾಗಿ ಬಂದವರು ಅದನ್ನು ನೋಡಿ, "ಇದರ ಜೋಡಿ ಎಲ್ಲಿ?" ಅಂತ ಕೇಳುತ್ತಾರೆ. "ದೋಣಿಗೆ ಹಾಕಿದೀವಿ" ಅಂದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಆ ಕಲ್ಲನ್ನು ಒಂದು ವರ್ಷ ಮೊದಲೇ ಕೊಟ್ಟಿದ್ದರೆ ನಮ್ಮ ಯಜಮಾನರು ಇವತ್ತು ಇರುತ್ತಿದ್ದರೋ ಏನೋ. ಯಾರ ಹತ್ತಿರವೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ದೇವರ ಮುಂದೆ ಹೇಳಿದ್ದೇನೆ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಸೊರಬದ ಕಡೆ, ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ಒಂದು ಹೊಳೆದಂಡೆಯ ಊರು. ಅಪ್ಪನಿಗೆ ಒಂದು ದೋಣಿ ಇತ್ತು. ಮಳೆಗಾಲದಲ್ಲಿ ಆಚೆ ದಡದಿಂದ ಹುಲ್ಲು, ಸೊಪ್ಪು ತರಲಿಕ್ಕೆ ಅದೇ ಬೇಕು. ನಾನು ದೋಣಿಯ ಮೂತಿಯಲ್ಲಿ ಕೂತು ಲಂಗರು ಕಲ್ಲಿನ ಹಗ್ಗ ಬಿಡುವವಳು. ಅಪ್ಪ ಎರಡು ಕೈ ಅಗಲಿಸಿ ಹಗ್ಗ ಅಳೆಯುತ್ತಿದ್ದ. ಹಾಗೆ ಅಗಲಿಸಿದರೆ ಒಂದು ಮಾರು.

"ಕೂಸೇ, ಕಲ್ಲು ಮುಳುಗಿದ ಕೂಡ್ಲೆ ದೋಣಿ ನಿಂತ್ಕಂಡ್ತು ಅಂತ ತಿಳೀಬೇಡ. ಹಗ್ಗ ಬಿಡು. ಇನ್ನೂ ಬಿಡು. ಎದೆಮಟ್ಟ ನೀರಿದ್ರೆ ಐದಾರು ಮಾರು ಬಿಡ್ಬೇಕು. ಹಗ್ಗ ಗಿಡ್ಡ ಆದ್ರೆ ಒಂದೊಂದು ಅಲೆಗೂ ದೋಣಿ ಕಲ್ಲನ್ನ ಮೇಲಕ್ಕೆ ಎತ್ತಿಬಿಡ್ತದೆ. ಉದ್ದ ಇದ್ರೆ ಅಡ್ಡಕ್ಕೆ ಎಳೀತದೆ, ಕಲ್ಲು ಕೆಸರಿಗೆ ಕಚ್ಕಳ್ತದೆ."

"ಎಲ್ಲಾ ಹಗ್ಗ ಖಾಲಿ ಆತಲ್ಲಪ್ಪಾ."

"ಖಾಲಿ ಆಗ್ಲಿ. ಹಗ್ಗ ಉಳ್ಸಿ ಏನು ಉಪ್ಪಿನಕಾಯಿ ಹಾಕ್ತೀಯಾ?"

ಆಮೇಲೆ ದಡದ ಮೇಲೆ ಎರಡು ಗುರುತು ಹಿಡಿಯಲು ಹೇಳುತ್ತಿದ್ದ. ಒಂದು ಹತ್ತಿರದ್ದು, ಒಂದು ಹಿಂದಿನದು. ಎರಡೂ ಒಂದೇ ಗೆರೆಯಲ್ಲಿ ಕಂಡರೆ ದೋಣಿ ನಿಂತಿದೆ. ಒಂದಕ್ಕೊಂದು ಬಿಟ್ಟು ಸರಿದರೆ ಕಲ್ಲು ಜಾರುತ್ತಿದೆ. ಹೊಳೆಯ ಪಾಠ ಇಷ್ಟೇ. ಇದು ಬಿಟ್ಟರೆ ನಾನು ಏಳನೇ ಕ್ಲಾಸು.

ಮದುವೆಯಾಗಿ ಬಂದದ್ದು ಶಿಕಾರಿಪುರದ ಕಡೆಗೆ, ಉಡುತಡಿಯಿಂದ ಸ್ವಲ್ಪ ಆಚೆ. ಈ ಕಡೆಯವರಿಗೆ ನೀರು ಅಂದರೆ ಕಾಲುವೆ ನೀರು, ಮೊಣಕಾಲು ದಾಟುವುದಿಲ್ಲ. ಆದರೆ ನಮ್ಮ ಹೊಲ ಮಾತ್ರ ದೊಡ್ಡ ಕೆರೆಯ ಹಿನ್ನೀರಿನ ಆಚೆಗೆ. ಬೇಸಿಗೆಯಲ್ಲಿ ಕೆರೆಯಂಗಳದಲ್ಲೇ ನಡೆದು ಹೋಗಬಹುದು. ಕೆರೆ ತುಂಬಿತೆಂದರೆ ರಸ್ತೆ ಸುತ್ತಿ ಹೋಗಬೇಕು, ಅರ್ಧ ಹೊತ್ತು ಅಲ್ಲೇ ಕಳೆಯುತ್ತದೆ. ಹಾಗಾಗಿ ಯಜಮಾನರು ಮೀನು ಹಿಡಿಯುವವರ ಹತ್ತಿರ ಹಳೆಯದೊಂದು ಫೈಬರ್ ದೋಣಿ ತಂದರು. ನಾಲ್ಕು ಜನ ಕೂರುವಂಥದ್ದು.

ತಂದ ವಾರವೇ ಅದರಲ್ಲಿ ನೀರು ತುಂಬಿತು. ನಾನು ಬುತ್ತಿ ತೆಗೆದುಕೊಂಡು ಹೋದರೆ ಇವರು ಬೋಗುಣಿಯಲ್ಲಿ ನೀರು ಮೊಗೆಯುತ್ತಾ ನಿಂತಿದ್ದಾರೆ. ಮೈದುನ ದಡದಲ್ಲಿ ಕೂತು ನಗುತ್ತಿದ್ದಾನೆ.

"ಹಗ್ಗ ಎಲ್ಲಿ ಕಟ್ಟಿದ್ರಿ?" ಅಂದೆ.

"ಹಿಂದ್ಗಡೆ. ದನ ಕಟ್ಟಾಕಿದಂಗೆ."

"ದನನ ಬಾಲಕ್ಕೆ ಕಟ್ತೀರೇನ್ರೀ? ಮೂತಿಗೆ ಕಟ್ಟಿ. ಮೂತಿ ಗಾಳಿಗೆ ತಿರುಗ್ಲಿ, ಅಲೆ ಎರಡು ಕಡೆ ಸೀಳ್ಕೊಂಡು ಹೋಗ್ತದೆ. ಬೆನ್ನು ಕೊಟ್ರೆ ಮೇಲೆ ಹತ್ತಿ ಬರ್ತದೆ."

"ನೋಡಪಾ, ನಮ್ಮನಿಗೆ ಸೊರಬದ ಇಂಜಿನಿಯರ್ ಬಂದಾರ" ಅಂತ ತಮ್ಮನಿಗೆ ಹೇಳಿದರು. ಆದರೆ ಮೂತಿಗೇ ಕಟ್ಟಿದರು. ಅವತ್ತಿನಿಂದ ದೋಣಿಯ ವಿಷಯದಲ್ಲಿ ನನ್ನ ಮಾತೇ ಮಾತು. ಬೇರೆ ಯಾವ ವಿಷಯದಲ್ಲೂ ಅಷ್ಟು ಸಲೀಸಾಗಿ ಕೇಳಿದವರಲ್ಲ.

ಆಚೆ ದಡದಲ್ಲಿ ಬಂಡೆ ಜಾಸ್ತಿ. ಗಾಳಿಯಿದ್ದ ದಿನ ದೋಣಿಯನ್ನು ದಡಕ್ಕೆ ತಾಗಿಸಿ ನಿಲ್ಲಿಸಿದರೆ ಅಲೆ ಎತ್ತಿ ಎತ್ತಿ ಬಂಡೆಗೆ ಬಡಿಯುತ್ತದೆ. ಅದಕ್ಕೇ ಎದೆಮಟ್ಟದ ನೀರಿನಲ್ಲೇ ಕಲ್ಲು ಇಳಿಸಿ, ನಾನು ಹೇಳಿದ ಹಾಗೆ ಎಂಟು ಮಾರು ಹಗ್ಗ ಬಿಟ್ಟು, ಪಂಚೆ ಬಿಚ್ಚಿ ತಲೆಗೆ ಸುತ್ತಿಕೊಂಡು ನೀರಿನಲ್ಲೇ ನಡೆದು ದಡ ಸೇರುವುದು. ಗುರುತನ್ನೂ ನಾನೇ ಹುಡುಕಿ ಕೊಟ್ಟಿದ್ದೆ. ಕೆರೆ ಏರಿಯ ಮೇಲಿನ ಅತ್ತಿಮರ, ಅದರ ಹಿಂದೆ ಊರ ಗುಡಿಯ ಕಳಸ. ಹೊಲದ ಬದುವಿನ ಮೇಲೆ ನಿಂತಾಗ ದೋಣಿ, ಮರ, ಕಳಸ ಮೂರೂ ಒಂದೇ ಗೆರೆಯಲ್ಲಿದ್ದರೆ ದೋಣಿ ಜಾಗದಲ್ಲಿದೆ, ಕಳಸ ದೋಣಿಯಿಂದ ಪಕ್ಕಕ್ಕೆ ಸರಿದರೆ ಕಲ್ಲು ಜಾರುತ್ತಿದೆ. ಹೊಲದಲ್ಲಿ ಕೆಲಸ ಮಾಡುತ್ತಾ ನಡುನಡುವೆ ದೋಣಿಯ ಮೇಲಿಂದ ಅತ್ತ ನೋಡುವುದು ಅವರಿಗೆ ರೂಢಿಯಾಯಿತು. "ನಿನ್ನಿಂದ ನಾನೂ ದಿನಕ್ಕೆ ಹತ್ತು ಸಲ ಗುಡಿ ನೋಡಂಗಾತು" ಅನ್ನುತ್ತಿದ್ದರು.

ಆ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಮಳೆಗಾಲ ಕಳೆದ ಮೇಲೆ ಮುಹೂರ್ತ. ಚಂದ್ರಗುತ್ತಿಯ ತಾಯಿಗೆ ಹರಕೆ ಹೊತ್ತಿದ್ದೆ, ನಡೆಸಿಕೊಟ್ಟಳು. ನಿಶ್ಚಯವಾದ ಶುಕ್ರವಾರವೇ ಬೀಸುವ ಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಹೊಸ ಬಟ್ಟೆ ಹೊದಿಸಿ ಎತ್ತಿಟ್ಟೆ. ಮದುವೆಯ ಮುಂಚೆ ಐದು ಜನ ಮುತ್ತೈದೆಯರು ಕೂತು ಅದರಲ್ಲಿ ಅರಿಶಿನ ಬೀಸಬೇಕು. ಹಿಟ್ಟಿಗೆ ಗಿರಣಿ, ಚಟ್ನಿಗೆ ಮಿಕ್ಸಿ ಬಂದ ಮೇಲೆ ಆ ಕಲ್ಲಿಗೆ ಇದೊಂದೇ ಕೆಲಸ. ನಮ್ಮ ಅತ್ತೆಯ ಮದುವೆಗೂ ಇದೇ ಕಲ್ಲು ತಿರುಗಿತ್ತಂತೆ.

ಆಷಾಢ ಹಿಡಿದ ಮೇಲೆ ದೋಣಿಯ ಹಳೆಯ ಕಲ್ಲು ಹೋಯಿತು. ಉದ್ದನೆಯ ಕಲ್ಲು, ನಡುವೆ ಹಗ್ಗ ಬಿಗಿದಿದ್ದರು. ಕೆಸರಿನಲ್ಲಿ ಕಚ್ಚಿಕೊಂಡದ್ದನ್ನು ಎಳೆಯುವಾಗ ಹಗ್ಗದಿಂದ ಜಾರಿ ಅಲ್ಲೇ ಹೂತುಹೋಯಿತು. ಮಾರನೆಯ ದಿನ ಇವರು ಅಡುಗೆಮನೆಗೆ ಬಂದು ಬೀಸುವ ಕಲ್ಲಿನ ಬಟ್ಟೆ ಸರಿಸಿ ನೋಡುತ್ತಾ ನಿಂತರು.

"ನೋಡೇ, ಇದಕ್ಕ ನಡುವ ತೂತು ಐತಿ. ಹಗ್ಗ ಪೋಣಿಸಿದ್ರ ಜಾರಂಗಿಲ್ಲ. ತೂಕಾನೂ ಹದ. ಮೇಲಿಂದ ಅಷ್ಟೇ ಕೊಡು."

"ಅಯ್ಯೋ, ಪೂಜೆ ಮಾಡಿ ಎತ್ತಿಟ್ಟಿದೀನಿ. ಅದನ್ನ ಕೆಸರಿಗೆ ಹಾಕ್ತೀರಾ? ಮದುವೆ ಆಗ್ಲಿ, ಆಮೇಲೆ ತಗೊಂಡು ಹೋಗಿ."

"ಮದುವಿ ಹೊತ್ತಿಗೆ ತೊಳದು ತಂದುಕೊಡ್ತೀನಿ."

"ಒಂದ್ಸಲ ಎತ್ತಿಟ್ಟಿದ್ದನ್ನ ತಿರುಗಿ ಇಳ್ಸಬಾರದು. ಶುಭಕ್ಕೆ ಅಂತ ಇಟ್ಟಿದ್ದು."

"ಈ ಕಲ್ಲು ತಿರುಗೋದು ಮದುವಿಗೊಂದು ಸಲ. ನಾನು ದಿನಾ ತಿರುಗ್ತೀನಿ. ನಮ್ಮಿಬ್ರಾಗ ಯಾರು ಹೆಚ್ಚು ಹೇಳು, ಕಲ್ಲೋ ನಾನೋ?"

"ಕಲ್ಲೇ" ಅಂದೆ.

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಒಗ್ಗರಣೆ ಸೀಯುತ್ತಿತ್ತು, ಒಲೆಯ ಕಡೆ ತಿರುಗಿದೆ.

ಕಲ್ಲಿನ ಬದಲು ಗೊಬ್ಬರದ ಚೀಲಕ್ಕೆ ಮರಳು ತುಂಬಿದರು. ಒಂದರೊಳಗೊಂದು ಎರಡು ಚೀಲ. ಅದರ ಬಾಯಿ ಹೊಲಿದವಳು ನಾನೇ, ದಬ್ಬಣದಲ್ಲಿ, ಗೋಣಿದಾರದಿಂದ, ಎರಡೆರಡು ಸಲ ಹಾಕಿ. ಮರಳೂ ಭಾರವೇ ಅಲ್ಲವೇ ಅಂದುಕೊಂಡೆ. ಬಿಸಿಲು ತಿಂದ ಪ್ಲಾಸ್ಟಿಕ್ ಚೀಲ ಬಂಡೆಯ ಅಂಚಿಗೆ ಎಷ್ಟು ದಿನ ತಾಳುತ್ತದೆ ಅಂತ ಹೊಳೆದಂಡೆಯಲ್ಲಿ ಬೆಳೆದ ನನಗೆ ತಿಳಿಯಬೇಕಿತ್ತು. ಅಪ್ಪನ ದೋಣಿಯಲ್ಲಿ ನಾನು ಯಾವತ್ತೂ ಚೀಲ ಕಂಡವಳಲ್ಲ.

ಅದು ದೋಣಿಗೆ ಚೀಲ ಕಟ್ಟಿದ ಹನ್ನೊಂದನೆಯ ದಿನ. ಬೆಳಿಗ್ಗೆಯಿಂದ ಮಳೆ ಇರಲಿಲ್ಲ, ಗಾಳಿ ಮಾತ್ರ. ಪಡುವಣ ಗಾಳಿ ಕೆರೆಯ ಉದ್ದಕ್ಕೂ ಓಡಿ ಬಂದು ನೀರನ್ನು ಬೆಳ್ಳಗೆ ಮಾಡಿತ್ತು. ಶುಂಠಿಗೆ ಮಣ್ಣು ಏರಿಸಲಿಕ್ಕೆ ಹೋದರು. ಮೂರು ರೊಟ್ಟಿ ತಿಂದು, ಇನ್ನೊಂದು ಕೇಳಿ ಹಾಕಿಸಿಕೊಂಡು ಹೋದರು. ಅಷ್ಟಾದರೂ ಆಯಿತು. ಹಸಿದುಕೊಂಡು ಹೋಗಲಿಲ್ಲ.

ಮುಂದಿನದನ್ನು ಕಂಡವಳು ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು. ಇವರು ಸಲಿಕೆ ಊರಿ ನಿಂತು ಕೆರೆಯ ಕಡೆ ನೋಡಿದರಂತೆ. "ಏ, ಕಳಸ ಸರೀತು!" ಅಂತ ಕೂಗಿ ಓಡಿದರಂತೆ. ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ನನಗೆ ಹೇಳುವಾಗಲೂ ಅದೇ ಕೇಳಿದಳು, "ಕಳಸ ಸರೀತು ಅಂದ್ರಲ್ಲಕ್ಕಾ, ಹಂಗಂದ್ರೆ ಏನು?" ದೋಣಿ ಆಳದ ಕಡೆಗೆ ಹೋಗುತ್ತಿತ್ತು. ಇವರು ಎದೆಮಟ್ಟದವರೆಗೆ ನಡೆದರು, ಆಮೇಲೆ ಈಜಿದರು. ಕಾಲುವೆಯಲ್ಲಿ ಕಲಿತ ಈಜು. ಒಂದು ಸಲ ಕೈ ದೋಣಿಯ ಅಂಚಿಗೆ ಸಿಕ್ಕಿತ್ತಂತೆ. ಅಲೆ ದೋಣಿಯನ್ನು ಎತ್ತಿತು, ಕೈ ಬಿಟ್ಟಿತು. ಅಷ್ಟೇ ಅವಳು ಕಂಡದ್ದು.

ದೋಣಿ ತಾನಾಗಿಯೇ ತೇಲಿ ಏರಿಯ ಪಕ್ಕದ ಜೊಂಡಿನಲ್ಲಿ ನಿಂತಿತ್ತು. ಒಳಗೆ ಒಂದು ಬೊಗಸೆ ನೀರೂ ಇರಲಿಲ್ಲ. ಅವರು ಹಿಂದೆ ಹೋಗದೇ ಇದ್ದಿದ್ದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಅವರು ಅದೇ ದಿನ ಸಂಜೆಯೊಳಗೆ ಸಿಕ್ಕಿದರು. ಮುಖ ಹಾಗೇ ಇತ್ತು. ನೀರಲ್ಲಿ ಹೋದವರನ್ನು ಮೂರು ದಿನ ಹುಡುಕಿದ್ದು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಮಗೆ ಆ ಸ್ಥಿತಿ ಕೊಡಲಿಲ್ಲವಲ್ಲ ಅಂತ ಆವತ್ತೇ ತಾಯಿಗೆ ಕೈಮುಗಿದೆ. ಕೈಮುಗಿದದ್ದನ್ನು ನೋಡಿ ಯಾರೋ ಹಿಂದಿನಿಂದ, "ಇವಳಿಗೆ ಬುದ್ಧಿ ಸ್ತಿಮಿತ ಇಲ್ಲ" ಅಂದರು. ಇತ್ತು. ಸಿಕ್ಕಿದ್ದನ್ನು ಎಣಿಸಿಕೊಳ್ಳದೇ ಇದ್ದರೆ ನಾನು ಅಲ್ಲಿಂದ ಏಳುತ್ತಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಒಬ್ಬಳೇ ಏರಿಯ ಹತ್ತಿರ ಹೋದೆ. ದೋಣಿಯ ಹಗ್ಗ ನೀರೊಳಗೇ ಬಿದ್ದಿತ್ತು. ಎಳೆದೆ. ತುದಿಯಲ್ಲಿ ಚೀಲ ಬಂತು. ನಾನು ಹೊಲಿದ ಬಾಯಿ ಗಟ್ಟಿಯಾಗೇ ಇತ್ತು. ಕೆಳಗೆ ತಳ ಸೀಳಿಹೋಗಿತ್ತು, ಎರಡೂ ಚೀಲದ್ದು. ಒಳಗೆ ಒಂದು ಹಿಡಿ ಮರಳೂ ಇಲ್ಲ. ಆಮೇಲೆ ಹಗ್ಗವನ್ನು ಕೈ ಅಗಲಿಸಿ ಅಳೆದೆ. ಎಂಟು ಮಾರು. ನಾನು ಹೇಳಿದಷ್ಟೇ ಇತ್ತು, ಒಂದು ಗೇಣೂ ಕಡಿಮೆಯಿರಲಿಲ್ಲ. ಮೂತಿಗೇ ಕಟ್ಟಿದ್ದರು. ಗುರುತನ್ನೂ ನೋಡುತ್ತಿದ್ದರು. ನಾನು ಹೇಳಿಕೊಟ್ಟಿದ್ದರಲ್ಲಿ ಅವರು ಒಂದನ್ನೂ ತಪ್ಪಿಸಿರಲಿಲ್ಲ. ಇಲ್ಲದೇ ಇದ್ದದ್ದು ಕಲ್ಲು ಒಂದೇ. ಹಗ್ಗವನ್ನು ಹಾಗೇ ಸುತ್ತಿ ದೋಣಿಯಲ್ಲಿಟ್ಟು ಬಂದೆ.

ಗಂಡಿನ ಕಡೆಯವರು ಒಳ್ಳೆಯವರು, ಮದುವೆ ಮುರಿಯಲಿಲ್ಲ, ಕಾದರು. ಮುಂದಿನ ವರ್ಷ ಮಳೆಗಾಲದ ಮುಂಚೆಯೇ ಮುಹೂರ್ತ ಇಟ್ಟೆವು. ಅರಿಶಿನ ಬೀಸುವ ದಿನ ಐದು ಜನ ಮುತ್ತೈದೆಯರು ಬಂದರು. ಯಜಮಾನರ ಸೋದರತ್ತೆ ಎಲ್ಲವನ್ನೂ ಮುಂದೆ ನಿಂತು ನಡೆಸುತ್ತಿದ್ದರು. ಕಲ್ಲಿನ ಮೇಲಿನ ಬಟ್ಟೆ ತೆಗೆಯಲು ನಾನು ಬಗ್ಗಿದೆ.

"ನೀನು ಅಲ್ಲೇ ಬಾಗಿಲ ಹತ್ರ ಇರವ್ವಾ" ಅಂದರು ಸೋದರತ್ತೆ. ಒರಟಾಗಿ ಹೇಳಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು. ಹಿರಿಯರು ಮಾಡಿಕೊಂಡು ಬಂದದ್ದನ್ನು ಮಗಳ ಮದುವೆಯಲ್ಲಿ ಮುರಿಯುವಷ್ಟು ಧೈರ್ಯ ನನಗೂ ಇರಲಿಲ್ಲ. ಬಾಗಿಲಿಗೆ ಒರಗಿ ನಿಂತೆ. ಯಜಮಾನರಿಗೆ ಕೊಡದೆ ಯಾವ ಶುಭಕ್ಕೆ ಅಂತ ಎತ್ತಿಟ್ಟಿದ್ದೆನೋ, ಆ ಶುಭಕ್ಕೆ ಆ ಕಲ್ಲನ್ನು ನಾನೇ ಮುಟ್ಟುವ ಹಾಗಿಲ್ಲ.

ಕಲ್ಲು ತಿರುಗಲಿಲ್ಲ. ವರ್ಷಗಟ್ಟಲೆ ಬಿಟ್ಟದ್ದಕ್ಕೆ ನಡುವಿನ ಗೂಟ ಉಬ್ಬಿ ಹಿಡಿದಿತ್ತು. ಐದು ಜನವೂ ಕೈ ಹಾಕಿ ತಿಣುಕಿದರು. "ಎಡಕ್ಕೆ ಒಂಚೂರು ಎತ್ತಿ, ಹಂಗೇ ಕೂರಿಸಿ" ಅಂತ ಬಾಗಿಲಿನಿಂದಲೇ ಹೇಳಿದೆ. ಕಲ್ಲು ತಿರುಗಿತು. ಮಗಳು ಬಾಸಿಂಗ ಇನ್ನೂ ಕಟ್ಟದ ಹಣೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕಲ್ಲಿನ ಮಾತು ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅವಳನ್ನು ಕಳಿಸಿಕೊಟ್ಟ ಮೇಲೆ, ಕೆರೆ ತುಂಬುವ ಹೊತ್ತಿಗೆ, ಮೈದುನನನ್ನು ಕರೆದೆ. ಈಗ ಎರಡೂ ಪಾಲಿನ ಹೊಲವನ್ನು ನೋಡಿಕೊಳ್ಳುವವನು ಅವನೇ.

"ಇದರ ಮೇಲಿನ ಕಲ್ಲು ತಗೊಂಡು ಹೋಗು. ದೋಣಿಗೆ."

"ಅತ್ತಿಗೇ, ಇದು ಬೇಡ. ಬೇರೆ ಹುಡುಕ್ತೀನಿ. ಮನಿ ಕಲ್ಲು."

"ಈ ಮನೇಲಿ ಇನ್ನು ಮದುವೆ ಯಾರದ್ದಪ್ಪಾ? ತಗೊ."

ಅವನು ಎತ್ತಲಿಲ್ಲ. ನೆಲ ನೋಡುತ್ತಾ ನಿಂತ. ಅವರು ಕಲ್ಲು ಕೇಳಿದ್ದು, ನಾನು ಇಲ್ಲ ಅಂದದ್ದು ಇವನ ಕಿವಿಗೂ ಬಿದ್ದಿತ್ತು ಅಂತ ನನಗೆ ಆಗ ತಿಳಿಯಿತು. ಅಣ್ಣನೇ ನಗುತ್ತಾ ಹೇಳಿರಬೇಕು.

"ಅತ್ತಿಗೇ, ಒಂದು ಮಾತು. ನಿಮಗ ಹೇಳಬಾರದು ಅಂತಿದ್ದೆ. ಆವತ್ತು ಚೀಲದ್ದೇನೂ ತಪ್ಪಿಲ್ಲ. ಅಣ್ಣ ಹಿಂದಿನ ದಿನ ಹಗ್ಗ ಕತ್ತರಿಸಿದ್ದ, ಕರ ಕಟ್ಟಾಕೆ. ಮೂರು ಮಾರು ಉಳಿದಿತ್ತೋ ಇಲ್ಲೋ. ಗಿಡ್ಡ ಆಗಿತ್ತು ಹಗ್ಗ. ಎಂಥಾ ಕಲ್ಲಿದ್ರೂ ನಿಲ್ತಿರಲಿಲ್ಲ. ನೀವೇ ಹೇಳ್ತಿದ್ರಲ್ಲ, ಹಗ್ಗ ಗಿಡ್ಡ ಆದ್ರ ಕಲ್ಲು ಏಳ್ತದ ಅಂತ."

ತಲೆ ಎತ್ತದೆ ಒಂದೇ ಉಸಿರಿನಲ್ಲಿ ಹೇಳಿದ. ಎಷ್ಟು ದಿನದಿಂದ ಜೋಡಿಸಿಕೊಂಡಿದ್ದನೋ. ನಾನು ಆ ಹಗ್ಗವನ್ನು ನನ್ನ ಕೈಯಾರೆ ಅಳೆದದ್ದು ಅವನಿಗೆ ಗೊತ್ತಿರಲಿಲ್ಲ.

"ಹೌದಾ?" ಅಂದೆ.

"ಹೂಂ ಅತ್ತಿಗೇ. ದೇವರಾಣೆ."

ದೇವರ ಆಣೆ ಹಾಕಿ ಸುಳ್ಳು ಹೇಳುವವನಲ್ಲ ಅವನು. ನನಗೋಸ್ಕರ ಹಾಕಿದ. ಆ ಪಾಪ ಅವನಿಗೆ ತಟ್ಟದಿರಲಿ ಅಂತ ದಿನಾ ದೀಪದ ಮುಂದೆ ಬೇಡುತ್ತೇನೆ. "ಹಾಗಾದ್ರೆ ನೀನು ಹಗ್ಗ ಕತ್ತರಿಸಬೇಡ" ಅಂದೆ. "ಎಂಟು ಮಾರು ಇರ್ಲಿ. ಮತ್ತೆ, ದೋಣಿ ಹೋದ್ರೆ ಹೋಗ್ಲಿ. ಹಿಂದೆ ಹೋಗ್ಬೇಡ."

ಇಬ್ಬರೂ ಸೇರಿ ಕಲ್ಲನ್ನು ಏರಿಯವರೆಗೆ ಸಾಗಿಸಿದೆವು. ತೂತಿನೊಳಗೆ ಹಗ್ಗ ಪೋಣಿಸಿ ಗಂಟು ಹಾಕಿದವಳು ನಾನು. ಅವರು ಹೇಳಿದ್ದು ಸರಿಯಾಗಿತ್ತು. ಹಗ್ಗ ಎಷ್ಟು ಎಳೆದರೂ ಜಾರಲಿಲ್ಲ, ತೂಕವೂ ಹದವಾಗಿತ್ತು. ಅರಿಶಿನದ ಹುಡಿ ಇನ್ನೂ ಅದರ ಗೀರುಗಳಲ್ಲಿ ಕೂತಿತ್ತು.

ಈಗಲೂ ಗಾಳಿ ಜೋರಾದ ದಿನ ಮಧ್ಯಾಹ್ನ ಅನ್ನಕ್ಕಿಟ್ಟು ಏರಿಗೆ ಹೋಗುತ್ತೇನೆ. ಆಚೆ ದಡದ ಹತ್ತಿರ ದೋಣಿ ಮೂತಿಯನ್ನು ಗಾಳಿಗೆ ಕೊಟ್ಟು ಏಳುತ್ತಾ ಇಳಿಯುತ್ತಾ ಇರುತ್ತದೆ. ಈ ದಡದಿಂದ ನೋಡಲಿಕ್ಕೆ ನನಗೆ ಬೇರೆ ಗುರುತಿದೆ, ಅಲ್ಲಿನ ಒಂದು ಬಂಡೆ, ಅದರ ಹಿಂದೆ ನಮ್ಮ ಹೊಲದ ಮಾವಿನ ಮರ. ಮೈದುನ ಹೊಲದಿಂದ ಕೈ ಎತ್ತುತ್ತಾನೆ, ನಾನೂ ಎತ್ತುತ್ತೇನೆ. ದೋಣಿ ಬಂಡೆಗೂ ಮರಕ್ಕೂ ಸರಿಯಾಗಿ ಎದುರಿಗೆ ನಿಂತಿರುತ್ತದೆ. ಒಂದು ಗೇಣೂ ಸರಿದಿರುವುದಿಲ್ಲ. ಅದನ್ನು ನೋಡಲಿಕ್ಕೆಂದೇ ಹೋಗುತ್ತೇನೆ, ಕಂಡ ಮೇಲೆ ನೋಡಲಾಗುವುದಿಲ್ಲ. ಅನ್ನ ಸೀಯುತ್ತದೆ ಅಂತ ಬೇಗ ಮನೆಗೆ ಬರುತ್ತೇನೆ.