ರೆಪ್ಪೆಯಲ್ಲಿ ಕಾವು ನೋಡುವ ಮೆತ್ವಲ್ಲಿ

ಮೆತ್ವಲ್ಲಿಯ ಮುತ್ತಜ್ಜ ಶಲಬಿ ಬೆಂಕಿಯ ಕಾವಿನಲ್ಲಿ ಮೊಟ್ಟೆಯಿಂದ ಮರಿ ತೆಗೆಯುವ ನಮ್ಮೂರಿನ ಮೊದಲ ಕಾವುಗೂಡನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿದವನು. ಪರದೇಶದ ದೊರೆಯೊಬ್ಬ ಕರೆಸಿಕೊಂಡಾಗ ಹೋಗಿ, ಅಲ್ಲಿಯ ಗಾಳಿ ರೆಪ್ಪೆಗೆ ಒಗ್ಗಲಿಲ್ಲವೆಂದು ನೈಲ್ ದಂಡೆಗೇ ಮರಳಿದನಂತೆ. ಅಜ್ಜ ಬದವಿ ಒಂದೇ ಚಳಿಗಾಲದಲ್ಲಿ ಲಕ್ಷ ಮರಿ ತೆಗೆದ. ಅಪ್ಪ ಉಕಾಶಾ ಮೊಟ್ಟೆ ಒಳಗಿದ್ದಷ್ಟು ದಿನ ಶುಕ್ರವಾರದ ನಮಾಜಿಗೆ ಬಿಟ್ಟರೆ ಗೂಡಿನಿಂದ ಹೊರಬರುತ್ತಿರಲಿಲ್ಲ. ಸ್ವಂತ ಮಗ ಹುಟ್ಟಿದಾಗಲೂ ಬರಲಿಲ್ಲ.

ಬೇರೆ ಕಡೆ ಕೋಳಿ ಕಾವಿಗೆ ಕೂರುತ್ತದೆ, ನಮ್ಮಲ್ಲಿ ಗಂಡಸು ಕೂರುತ್ತಾನೆ. ಪಟ್ಟಣದವರು ನಗುತ್ತಾರೆ, ನಗಲಿ. ಮೂರು ಮೊಟ್ಟೆ ಕೊಟ್ಟವರಿಗೆ ಎರಡು ಮರಿ ಕೊಡುವುದು ಆ ಮನೆತನದ ಮಾತು. ಬಿಸಿ ನೋಡಲು ಯಂತ್ರವಿಲ್ಲ. ಮೊಟ್ಟೆಯನ್ನು ಮುಚ್ಚಿದ ರೆಪ್ಪೆಗೆ ಒತ್ತಿದರೆ ಗೊತ್ತಾಗುತ್ತದೆ.

ಒಂದು ವರ್ಷ ಮೆತ್ವಲ್ಲಿಯ ಗೂಡಿನಲ್ಲಿ ಊರಿನ ನಾಲ್ಕು ಸಾವಿರ ಮೊಟ್ಟೆಗಳಿದ್ದವು. ಮುನ್ನೂರು ನನ್ನವು, ಮನೆಯಲ್ಲಿದ್ದುದೆಲ್ಲ ಅಷ್ಟೇ. ಹನ್ನೊಂದನೆಯ ದಿನ ಬೆಳಿಗ್ಗೆ ಹೋದರೆ ಮೆತ್ವಲ್ಲಿ ಬೆಂಕಿಗೆ ಬೆರಣಿ ಒಟ್ಟುತ್ತಿದ್ದ.

"ಎಷ್ಟು ಉರಿಸಿದ್ರೂ ತಣ್ಣಗೇ ಇದೆ ಹಾಜಿ. ಎಲ್ಲಾ ಸತ್ತುಹೋಗ್ತಾವೆ!"

ಹೇಳುತ್ತಲೇ ಇನ್ನೊಂದು ಮೊಟ್ಟೆಯನ್ನು ರೆಪ್ಪೆಗೆ ಒತ್ತಿಕೊಂಡ. ಅವನ ಹೆಂಡತಿ ನಬವಿಯಾ ಮೊಟ್ಟೆ ಕಸಿದು ತನ್ನ ರೆಪ್ಪೆಗಿಟ್ಟುಕೊಂಡಳು.

"ತಣ್ಣಗಾ? ಸುಡ್ತಾ ಇದೆ!" ಗಂಡನ ಹಣೆ ಮುಟ್ಟಿದಳು. "ಅಯ್ಯೋ ಮನುಷ್ಯಾ, ನಿನಗೆ ಜ್ವರ! ನಿನ್ನ ಕಣ್ಣೇ ಕುದೀತಿರುವಾಗ ಮೊಟ್ಟೆ ತಣ್ಣಗೇ ಅನ್ಸುತ್ತೆ. ನಾಲ್ಕು ಸಾವಿರ ಬೇಯಿಸಿ ಊರಿಗೆಲ್ಲ ಊಟ ಹಾಕ್ತೀಯಾ?"

ಮೂವರೂ ಸೇರಿ ಕೆಂಡ ಎಳೆದೆವು, ಗಾಳಿಕಿಂಡಿ ತೆರೆದೆವು. ಅವಳು ಮಧ್ಯಾಹ್ನದವರೆಗೆ ಸಾಲುಸಾಲಾಗಿ ಮೊಟ್ಟೆ ನೋಡುತ್ತ, ಬೈಯುತ್ತಲೇ ಇದ್ದಳು.

ಇಪ್ಪತ್ತೊಂದನೆಯ ದಿನ ಗೂಡು ಚಿಲಿಪಿಲಿಗುಟ್ಟಿತು. ನಾನೂರು ಮೊಟ್ಟೆ ಕೆಟ್ಟಿದ್ದವು. ಆ ನಷ್ಟವನ್ನು ಮೆತ್ವಲ್ಲಿ ತನ್ನ ಪಾಲಿನಿಂದಲೇ ತುಂಬಿದ. ನನಗೆ ಇನ್ನೂರು ಮರಿ ಸಿಕ್ಕವು, ಒಂದೂ ಕಡಿಮೆಯಿಲ್ಲ. ಇವತ್ತಿಗೂ ಅಂಗಳದಲ್ಲಿ ಹುಂಜ ಕೂಗಿದಾಗಲೆಲ್ಲ ಆ ಗಂಡಹೆಂಡಿರ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತೇನೆ.

ಉಪಕಾರಕ್ಕೆ ಏನಾದರೂ ಕೊಡಬೇಕೆನಿಸಿ ತಂತಾ ಪಟ್ಟಣದಿಂದ ಒಳ್ಳೆಯ ಥರ್ಮಾಮೀಟರ್ ತಂದೆ. "ಇನ್ನು ಮೇಲೆ ಈ ಫಜೀತಿ ಬೇಡಪ್ಪಾ, ಇದು ಸಹಾಯಕ್ಕಿರಲಿ" ಎಂದೆ.

ಮೆತ್ವಲ್ಲಿ ಅದನ್ನು ಒರೆಸಿ, ಮರ್ಯಾದೆಯಿಂದ ನನ್ನ ಜೇಬಿಗೇ ಇಳಿಸಿದ.

"ನಿಮ್ಮ ಪ್ರೀತಿ ದೊಡ್ಡದು ಹಾಜಿ, ಆದ್ರೆ ಬೇಡ. ನಾನು ತಪ್ಪಿದ್ರೆ ಬೈಯೋಕೆ ಇವಳಿದ್ದಾಳೆ. ಈ ಗಾಜಿನ ಕಡ್ಡಿ ತಪ್ಪಿದ್ರೆ ಅದನ್ನ ಬೈಯೋರು ಯಾರು?"