ಉಳುಕು ಬಿಡಿಸಿಕೊಳ್ಳಲು ಬರುತ್ತಿದ್ದವರು

ಟೈಲರ್ ಆಂಟಿ ಮಾತಾಡುವಾಗ ತುಟಿಯ ಒಂದು ಮೂಲೆ ಮಾತ್ರ ಅಲ್ಲಾಡುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಸದಾ ಎರಡು ಮೂರು ಗುಂಡುಸೂಜಿ ಇರುತ್ತಿದ್ದವು. ಆಲ್ದೂರಿನಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ. ಬ್ಲೌಸಿನ ಅಳತೆ ತೆಗೆಯುವಷ್ಟರಲ್ಲಿ ಎದುರಿನವರ ಸಂಸಾರದ ಅಳತೆಯನ್ನೂ ತೆಗೆದುಬಿಡುತ್ತಿದ್ದರು. ಹೇಳಿದ ದಿನಕ್ಕೆ ಬ್ಲೌಸ್ ಕೊಟ್ಟಿದ್ದು ಮಾತ್ರ ನನಗೆ ನೆನಪಿಲ್ಲ.

ನನ್ನ ಮಗಳು ಕಾಲು ಮುಂದಾಗಿ ಹುಟ್ಟಿದವಳು. ತಲೆ ಸಿಕ್ಕಿಕೊಂಡಿತ್ತು, ಹೊರಗೆ ಬಂದ ಮೇಲೂ ತುಂಬ ಹೊತ್ತು ಅಳಲಿಲ್ಲ. ಬೆಳವಣಿಗೆ ನಿಧಾನವಾಗಬಹುದು, ವ್ಯಾಯಾಮ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಫಿಸಿಯೋಥೆರಪಿ ಕಲಿತು ಬಂದೆ. ನಾನು ಕಾಲು ಮುಟ್ಟಿದರೆ ಸಾಕು, ಸೂರು ಹಾರಿಹೋಗುವ ಹಾಗೆ ಅಳುತ್ತಿದ್ದಳು. ಎರಡು ವರ್ಷ ತುಂಬಿದರೂ ಎದ್ದು ನಿಲ್ಲಲಿಲ್ಲ.

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಕಾಫಿ ತೋಟದ ಕೆಲಸದವರು ಹಾಗೆ ಕೇಳಿಕೊಂಡು ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೀಗಿರುವಾಗ ಒಂದು ಸಂಜೆ ಆಂಟಿ ನಮಾಜು ಮುಗಿಸಿ, ಸೊಂಟ ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಬೋರಲು ಮಲಗಿಯೇಬಿಟ್ಟರು.

"ನಿಲ್ಲೋಕೇ ಬರದ ಮಗು ಆಂಟಿ! ನಿಮಗೂ ಇದೇ ಬೇಕಿತ್ತಾ?" ಎಂದು ರೇಗಿದೆ.

"ಬೈಯೋದಾದ್ರೆ ಆಮೇಲೆ ಬೈ ಮಾರಾಯ್ತಿ. ಈಗ ಅವಳ ಎರಡೂ ಕೈ ಹಿಡ್ಕೊ."

ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ ಎಂದು ಗದರುವ ಮನೆ ನಮ್ಮದು. ಅಂಥಲ್ಲಿ ದೊಡ್ಡವರ ಬೆನ್ನು ತುಳಿಯಲು ಅಪ್ಪಣೆ ಸಿಕ್ಕಿತ್ತು. ಮಗಳು ಕೇಕೆ ಹಾಕಿ ನಕ್ಕಳು, ನಗುತ್ತಲೇ ಕಾಲೂರಿದಳು. "ಇನ್ನೂ ಬಿಟ್ಟಿಲ್ಲ, ನಾಳೆ ಬರ್ತೀನಿ" ಎಂದು ಆಂಟಿ ಎದ್ದು ಹೋದರು. ಮಾರನೇ ದಿನ ಬಂದರು. ವರ್ಷವಿಡೀ ಬಂದರು. ಇದೆಂಥ ಬಿಡದ ಉಳುಕಪ್ಪಾ ಎಂದು ನಾನು ಗೊಣಗಿದ್ದೂ ಉಂಟು. ಕಾಲಿಗೆ ಬಲ ಬಂದಿದೆ, ಮನೆಯಲ್ಲಿ ಏನು ಮಾಡಿಸ್ತೀರಿ ಎಂದು ಫಿಸಿಯೋಥೆರಪಿಯವರು ಕೇಳಿದಾಗ ನಾಚಿಕೆಯಾಗಿ, ನೀವು ಹೇಳಿಕೊಟ್ಟಿದ್ದೇ ಎಂದೆ.

ಮೂರೂವರೆ ವರ್ಷಕ್ಕೆ ಮಗಳು ನಡೆದಳು. ಪವಾಡವೇನೂ ಅಲ್ಲ. ಈಗ ಎಂಟನೇ ಕ್ಲಾಸು. ಎಡಗಾಲು ಎಳೆಯುತ್ತಾಳೆ, ಬರೆಯುವುದು ನಿಧಾನ, ಗಣಿತ ಕಂಡರೆ ಆಗದು. ಶಾಲೆಗೆ ಮಾತ್ರ ಒಬ್ಬಳೇ ನಡೆದು ಹೋಗುತ್ತಾಳೆ.

ಹೋದ ವರ್ಷ ಆಂಟಿ ತೀರಿಕೊಂಡರು. ಅಷ್ಟರಲ್ಲಿ ನಾವು ಪೇಟೆಯ ಆಚೆ ಬದಿಗೆ ಮನೆ ಬದಲಿಸಿದ್ದೆವು. ಮಗಳನ್ನು ಕರೆದುಕೊಂಡು ಹೋದೆ. ಏನು ಮಾತಾಡಬೇಕೋ ತಿಳಿಯದೆ ಅವರ ಸೊಸೆಗೆ, "ಪಾಪ, ಆ ಸೊಂಟದ ನೋವಲ್ಲೇ ಇಷ್ಟು ವರ್ಷ ಹೊಲಿದ್ರು" ಎಂದೆ.

"ಮೊದಲು ಎಲ್ಲಿತ್ತು ಅಕ್ಕಾ? ಇವಳು ದಿನಾ ತುಳಿಯೋಕೆ ಶುರು ಮಾಡಿದ ಮೇಲೆ ಬಂದಿದ್ದು. ನಾನೇ ಎಣ್ಣೆ ತಿಕ್ತಿದ್ದೆ. ನಿಮಗೆ ಹೇಳಲೇಬಾರದು ಅಂದಿದ್ರು."

ನನಗೆ ಅಲ್ಲೇ ಅಳು ಬಂತು. ಅವತ್ತು ರೇಗಿದ್ದಕ್ಕೆ ತಪ್ಪಾಯ್ತು ಎಂದು ಒಂದು ದಿನವೂ ಹೇಳಿರಲಿಲ್ಲ.

ವಾಪಸು ಬರುವಾಗ ಮಗಳು ದಾರಿಯಲ್ಲಿ ನಿಂತುಬಿಟ್ಟಳು. "ಅಮ್ಮಾ, ನಾನು ಅಷ್ಟು ಜೋರಾಗಿ ತುಳೀತಿದ್ನಾ?"

"ಹೂಂ, ಜೋರಾಗೇ ತುಳೀತಿದ್ದೆ" ಎಂದೆ. "ಅದಕ್ಕೇ ಇವತ್ತು ನೀನು ಅವರ ಮನೆಗೆ ನಡ್ಕೊಂಡು ಬಂದೆ."