ಅಪ್ಪನ ಗೊರಕೆಗೆ ಸಾಕ್ಷಿ

ನಾನು ಹುಣಸೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಅಪ್ಪ ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಕಟ್ಟೆಮಳಲವಾಡಿಗೆ ಬಂದರು. ಜೊತೆಗೆ ಒಂದು ಕಾಯಿಲೆಯನ್ನೂ ತಂದರು. ಕಣ್ಣು ಮುಚ್ಚಿದರೆ ಗೊರಕೆ. ಗೊರಕೆಯ ನಡುವೆ ಉಸಿರೇ ನಿಂತುಬಿಡುತ್ತಿತ್ತು. ಸೇನೆಯ ವೈದ್ಯರು ಅದನ್ನು ಸ್ಲೀಪ್ ಅಪ್ನಿಯಾ ಎಂದು ಬರೆದಿದ್ದರು. ಹಗಲೆಲ್ಲ ತೂಕಡಿಸುವ ಅಪ್ಪನನ್ನು ಊರವರು ಸೋಮಾರಿ ಎಂದರು. ಅಂಗವೈಕಲ್ಯ ಪಿಂಚಣಿಗೆ ಹಾಕಿದ ಅರ್ಜಿಯೂ ‘ಸೇವೆಗೂ ಇದಕ್ಕೂ ಸಂಬಂಧವಿಲ್ಲ’ ಎಂಬ ಒಂದು ಸಾಲಿನೊಂದಿಗೆ ವಾಪಸ್ಸಾಯಿತು.

ಮೇಲ್ಮನವಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಡಿಯಲ್ಲಿ ಜೊತೆಗಿದ್ದವರ ಸಾಕ್ಷಿ ಬೇಕಿತ್ತು. ಕಂಪಲಾಪುರದಲ್ಲಿದ್ದ ಅಪ್ಪನ ಹಳೆಯ ಜೊತೆಗಾರರೊಬ್ಬರ ಮನೆಗೆ ಅಪ್ಪ, ನಾನು ಇಬ್ಬರೂ ಹೋದೆವು. ಅವರನ್ನು ನಾನು ಮಾಮ ಎನ್ನುತ್ತಿದ್ದೆ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಲೇ ಅವರು ಹೇಳಿಕೆ ಕೊಟ್ಟರು.

“ಬರ್ಕೊಳವ್ವ. ಮಂಜಿನ ಗುಡ್ಡದ ಮ್ಯಾಲೆ ಡ್ಯೂಟಿ ಬಿದ್ಮೇಲೇ ಇವನ್ಗೆ ಇದು ಸುರುವಾಗಿದ್ದು. ಉಸ್ರು ನಿಂತ್ರೆ ಪಕ್ಕದಲ್ಲಿರೋನು ಒದೀಬೇಕು. ಒದಿಯಾಕೆ ಪಾಳಿ ಮಾಡ್ಕೊಂಡಿದ್ವಿ.”

“ತಟ್ಟಿ ಎಬ್ಬಿಸ್ತಿದ್ವಿ ಅಂತ ಬರೀಲಾ ಮಾಮ?”

“ಸರ್ಕಾರಕ್ಕೆ ಸುಳ್ಳು ಬರೀಬ್ಯಾಡ ಕಣವ್ವ. ಒದೀತಿದ್ವಿ ಅಂತ್ಲೇ ಬರಿ.”

ಹಾಗೇ ಬರೆದೆ.

ಬೆಂಗಳೂರಿನಲ್ಲಿ ವೈದ್ಯಕೀಯ ಮಂಡಳಿಯ ಎದುರು ಅಪ್ಪ, ಮಾಮ, ನಾನು ಸಾಲಾಗಿ ಕೂತೆವು. ಹೇಳಿಕೆಯನ್ನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಒದೆಯುವ ಸಾಲಿಗೆ ಬರುವಷ್ಟರಲ್ಲಿ ಪಕ್ಕದಿಂದ ಗೊರಕೆ! ಬೆಳಗ್ಗಿನಿಂದ ಕಾದು ಸುಸ್ತಾಗಿದ್ದ ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಆಮೇಲೆ ಗೊರಕೆ ನಿಂತಿತು. ಉಸಿರೂ ನಿಂತಿತು. ಹಿರಿಯ ಡಾಕ್ಟರು ಕೈಗಡಿಯಾರ ನೋಡುತ್ತಾ ಎದ್ದು ಬಂದರು. ಅವರು ತಲುಪುವ ಮೊದಲೇ ಮಾಮ, ಹಳೇ ಅಭ್ಯಾಸ, ಕಾಲೆತ್ತಿ ಒಂದು ಒದ್ದೇಬಿಟ್ಟರು. ಅಪ್ಪ ದಡಬಡಿಸಿ ಎದ್ದು ಗೋಡೆಯ ಕ್ಯಾಲೆಂಡರಿಗೆ ಸೆಲ್ಯೂಟ್ ಹೊಡೆದರು.

ಮೊದಲು ನಕ್ಕವರು ಡಾಕ್ಟರೇ. ಆಮೇಲೆ ನನ್ನ ನಗುವನ್ನು ಹಿಡಿಯುವವರೇ ಇರಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಅಪ್ಪನೇ, “ಎಷ್ಟ್ ಜೋರಾಗ್ ಒದ್ದೆ ಲೇ!” ಎಂದು ಕಾಲು ನೀವಿಕೊಂಡು ನಕ್ಕರು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂದಿತ್ತು.

ಕೆಲವು ತಿಂಗಳ ಮೇಲೆ ಆದೇಶ ಬಂತು. ಕಾಯಿಲೆ ಸೇವೆಯಿಂದಲೇ ಉಲ್ಬಣಿಸಿದ್ದು, ಪಿಂಚಣಿ ಮಂಜೂರು. ಜಗಲಿಯ ಮೇಲೆ ನಿಂತು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಬಂದಳು.

“ಇನ್ನೂ ಜೋರಾಗ್ ಓದು ಮಗ, ಆ ಬೀದಿಗೂ ಕೇಳ್ಲಿ!”

ನಾನು ಗಂಟಲು ಹರಿಯುವಂತೆ ಓದಿದೆ.